ಕೊನೆಯ ಹದಿನಾಲ್ಕು ಪುಟ

ಮಧುಗಿರಿ
೧೧ ಮಾರ್ಚ್ ೨೦೨೪

ಪ್ರೀತಿಯ ಲೋಹಿತಕ್ಕನಿಗೆ,

ಈ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕ್ಲಾಸಿಗೆ ಹೋಗಿ ಕೂತಿದ್ದೆ. ಕಿಟಕಿಯಿಂದ ಬಿಸಿಲು ಎರಡನೇ ಬೆಂಚಿನ ಮೇಲೆ ಓರೆಯಾಗಿ ಬಿದ್ದಿತ್ತು. ಎರಡೂವರೆ ವರ್ಷ ಅದೇ ಬೆಂಚಿನಲ್ಲಿ ಕೂತರೂ ಕಾಣದಿದ್ದ ಗೆರೆಗಳು ಆ ಬೆಳಕಿಗೆ ಎದ್ದು ಕಂಡವು. ಕೈವಾರದ ಮುಳ್ಳಿನಿಂದ ಕೊರೆದ ನಿಮ್ಮ ಹೆಸರು. ಅದರ ಕೆಳಗೆ ಬೇರೆ ಬೇರೆ ಕೈಬರಹದಲ್ಲಿ ‘ಥ್ಯಾಂಕ್ಸ್ ಅಕ್ಕ’, ‘ನಿಮ್ಮಿಂದ ಪಾಸಾದೆ ಅಕ್ಕ’. ಒಬ್ಬಳು ಪಕ್ಕದಲ್ಲಿ ಹೂವನ್ನೂ ಬಿಡಿಸಿದ್ದಾಳೆ. ನೀವು ಕಾಲೇಜು ಬಿಟ್ಟು ಮೂರು ವರ್ಷವಾಗುತ್ತಾ ಬಂತು. ನಿಮ್ಮ ಮುಖ ನೋಡದ ಹುಡುಗಿಯರು ಇದನ್ನೆಲ್ಲ ಬರೆದಿದ್ದಾರೆ.

ಫೋನ್ ಮಾಡು ಎನ್ನುತ್ತೀರಿ. ಫೋನಿನಲ್ಲಿ ನನಗೆ ‘ಹೂಂ’ ಬಿಟ್ಟರೆ ಬೇರೆ ಮಾತು ಬರುವುದಿಲ್ಲವೆಂದು ನಿಮಗೇ ಗೊತ್ತು. ಕಾಗದವಾದರೆ ಬರೆಯಬಲ್ಲೆ. ಶಿರಾ ಬಸ್ಸಿನ ಕಂಡಕ್ಟರ್ ಕದರಪ್ಪನವರು ನೀವು ಈಗ ಪಾಠ ಮಾಡುವ ಕಾಲೇಜಿನ ಗೇಟಿನಲ್ಲಿ ಕೊಟ್ಟು ಹೋಗಲು ಒಪ್ಪಿದ್ದಾರೆ. “ಏಮಮ್ಮಾ, ಈ ಕಾಲದಾಗೂ ಕಾಗದ ಬರೀತೀರಲ್ಲ, ಫೋನು ಲೇದಾ?” ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ನಕ್ಕರು. ನಾನು ತಲೆ ಬಗ್ಗಿಸಿದೆ. “ಸರಿ ಬುಡಮ್ಮ, ಹುಡುಗ್ರಿಗಲ್ಲ ತಾನೆ? ಟಿಕೆಟ್ ಇಲ್ದಂಗೆ ಕರ್ಕಂಡ್ ಹೋಯ್ತೀನಿ,” ಎಂದು ಚೀಲ ತಟ್ಟಿ ತೋರಿಸಿದರು.

ವಿಷಯಕ್ಕೆ ಬರುತ್ತೇನೆ. ರುದ್ರಮುನಿ ಸರ್ ನನಗೆ ಕ್ಲಾಸ್ ಸೆಮಿನಾರು ಕೊಟ್ಟಿದ್ದಾರೆ. ಏಪ್ರಿಲ್ ೨೨ಕ್ಕೆ ನಮ್ಮ ಇಂಗ್ಲಿಷ್ ಪಠ್ಯದ ಕಾದಂಬರಿಯ ಮುಕ್ತಾಯದ ಬಗ್ಗೆ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. “ಹೆದ್ರಬ್ಯಾಡಮ್ಮ, ಲೋಹಿತಾ ನೋಟ್ಸ್ ಐತಲ್ಲ. ಅದನ್ನೇ ಹೇಳ್ಬುಡು, ಪರೀಕ್ಷೇಲೂ ಅದನ್ನೇ ಬರಿ. ಹದಿನೈದಕ್ಕೆ ಹದಿಮೂರು ಗ್ಯಾರಂಟಿ,” ಎಂದರು. ಸಿಲೆಬಸ್ ಎಲ್ಲ ಬದಲಾದರೂ ಈ ಕಾದಂಬರಿ ಮಾತ್ರ ಹೋಗಿಲ್ಲ. ಇದಕ್ಕೆ ಗೈಡೂ ಇಲ್ಲ, ಗೂಗಲ್ಲಿನಲ್ಲಿ ಎರಡು ಸಾಲಿಗಿಂತ ಹೆಚ್ಚು ಸಿಗುವುದೂ ಇಲ್ಲ. ಹಾಗಾಗಿ ನಿಮ್ಮ ನೋಟ್ಸಿನ ಜೆರಾಕ್ಸೇ ಎಲ್ಲರಿಗೂ ಪುಸ್ತಕ. ಮೂಲ ಮಾತ್ರ ನನ್ನ ಬಳಿ ಇದೆ. ನೀವು ಮಾರ್ಕ್ಸ್ ಕಾರ್ಡ್ ತೆಗೆದುಕೊಳ್ಳಲು ಬಂದ ದಿನ, ಲೈಬ್ರರಿಯ ಮೂಲೆಯಲ್ಲಿ ಅಳುತ್ತಿದ್ದ ಯಾರೋ ಫಸ್ಟ್ ಇಯರ್ ಹುಡುಗಿಯ ಕೈಗಿಟ್ಟು ಹೋದಿರಲ್ಲ, ಅದೇ ನೂರು ಪುಟದ ನೋಟ್‌ಬುಕ್. ಇಂಗ್ಲಿಷ್ ಸಾಲಿನ ಮೇಲೆ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆದದ್ದು.

ಅದರಲ್ಲಿ ನನಗೆ ಬಾಯಿಪಾಠವಾಗಿರುವುದು ಕೊನೆಯ ಭಾಗ. ಕುರಿ ಸಾಕುವವನ ಮಗಳು ಟಿಲ್ಡಾ, ಸಿರಿವಂತ ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಾ ಕದ್ದು ಕದ್ದು ಓದಿದವಳು, ಊರಿಗೆ ಬಾ ಎಂಬ ಅಪ್ಪನ ಕಾಗದ ಹರಿದು ಹಾಕಿ ಪಟ್ಟಣದ ಕುದುರೆಗಾಡಿ ಹತ್ತುವುದು. ಅದನ್ನು ಎಷ್ಟು ಸಲ ಹೇಳಿಕೊಂಡಿದ್ದೇನೋ.

ಈ ಸಲ ಪುಸ್ತಕವನ್ನೇ ಓದಿ ಮಾತಾಡೋಣವೆಂದು ಲೈಬ್ರರಿಯಿಂದ ತಂದೆ. ಅದು ೨೧೨ನೇ ಪುಟಕ್ಕೆ ನಿಂತುಬಿಡುತ್ತದೆ. ಟಿಲ್ಡಾ ಚೀಲ ಹಿಡಿದು ಶಾಲೆಯ ಗೇಟಿನಲ್ಲಿ ನಿಂತಿರುತ್ತಾಳೆ, ಅಷ್ಟೆ. ಮುಂದಿನ ಪುಟಗಳನ್ನು ಯಾರೋ ಕಿತ್ತಿದ್ದಾರೆ. ನಿಮ್ಮ ಕಾಲಕ್ಕೆ ಸರಿಯಾಗಿತ್ತೇ? ನೀವು ಕೊನೆಯನ್ನು ಎಲ್ಲಿ ಓದಿದಿರಿ?

ಈ ಸೆಮಿಸ್ಟರಿನಲ್ಲಿ ಅಂಕ ಕಡಿಮೆಯಾದರೆ ತುಮಕೂರಿನಲ್ಲಿ ಎಂ.ಎ. ಸೀಟು ಸಿಗುವುದಿಲ್ಲ. ಸಿಗದಿದ್ದರೆ ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಅವ್ವನ ಜೊತೆ ಪ್ಯಾನೆಲ್ ತೊಳೆಯುವ ಕೆಲಸ ಕಾದಿದೆ. ಅದಕ್ಕೇ ಇಷ್ಟು ಗಾಬರಿ.

ನಿಮ್ಮ
ವನಜಾಕ್ಷಿ


ಶಿರಾ
೨೦ ಮಾರ್ಚ್ ೨೦೨೪

ವನಜಾ,

ನಿನ್ನ ಕಾಗದವನ್ನು ವಾಚ್‌ಮನ್ ಚಾಚಾ ಸ್ಟಾಫ್ ರೂಮಿಗೆ ತಂದು, “ಮೇಡಂಗೆ ಚಿಟ್ಠಿ ಬಂದಿದೆ, ಚಿಟ್ಠಿ!” ಎಂದು ಸಾರಿದರು. ಕಾಮರ್ಸಿನವರು ಮೂರು ದಿನ ನನ್ನನ್ನು ಬಿಟ್ಟಿಲ್ಲ. ಹುಡುಗಿ ಬರೆದದ್ದು ಎಂದರೆ ನಂಬುವುದೂ ಇಲ್ಲ.

ಬೆಂಚಿನ ಸುದ್ದಿ ಓದಿ ನಗು ಬಂತು. ಹೆಸರು ಕೊರೆದದ್ದಕ್ಕೆ ಅವತ್ತು ಸರ್ ಐವತ್ತು ಸಲ ‘ಐ ವಿಲ್ ನಾಟ್ ಸ್ಪಾಯಿಲ್ ದಿ ಬೆಂಚ್’ ಎಂದು ಬರೆಸಿದ್ದರು. ಈಗ ಅದೇ ಬೆಂಚು ಗುಡಿಯಾಗಿದೆ ಎನ್ನು.

ಇಲ್ಲಿ ನನ್ನದು ಅತಿಥಿ ಉಪನ್ಯಾಸಕಿಯ ಬಾಳು. ವರ್ಷ ವರ್ಷ ಜೂನ್ ಕೊನೆಗೆ ಆರ್ಡರ್ ಹೊಸದಾಗಬೇಕು. ಅಲ್ಲಿಯವರೆಗೆ ಪ್ರಿನ್ಸಿಪಾಲರು ಬೆಳಿಗ್ಗೆ ನಕ್ಕರೋ ಇಲ್ಲವೋ ಎಂದು ನೋಡುತ್ತಾ ಇರುವುದು. ಸದ್ಯಕ್ಕೆ ನಗುತ್ತಿದ್ದಾರೆ. ಹುಡುಗರು ಮಾತ್ರ, “ಮ್ಯಾಮ್, ಜರಾ ಸ್ಲೋ” ಎನ್ನುತ್ತಾರೆ. ನಾನು ನಿಧಾನ ಮಾಡಿದರೆ ನಿದ್ದೆ ಮಾಡುತ್ತಾರೆ. ಈ ಸೆಮಿಸ್ಟರು ನನಗೂ ಅದೇ ಕಾದಂಬರಿ ಬಂದಿದೆ ಕಣೆ. ಅದರಿಂದ ತಪ್ಪಿಸಿಕೊಳ್ಳಲು ಆಗುವುದೇ ಇಲ್ಲ ನೋಡು.

ಪುಸ್ತಕ ಎಲ್ಲಿ ಸಿಕ್ಕಿತ್ತೋ ಈಗ ನೆನಪಿಲ್ಲ. ಆ ಹಳೇ ಪ್ರತಿಯ ಸುದ್ದಿಗೆ ಹೋಗಬೇಡ, ಧೂಳು ತುಂಬಿ ಶೀತವಾಗುತ್ತದೆ. ನಿನಗೆ ಬೇಕಾದ್ದೆಲ್ಲ ನೋಟ್ಸಿನಲ್ಲಿದೆ. ಸೆಮಿನಾರಿಗೆ ಮೊದಲ ಎರಡು ವಾಕ್ಯ ಗಟ್ಟಿ ಮಾಡಿಕೋ. ಎರಡು ವಾಕ್ಯ ನಡುಗದೆ ಹೊರಬಂದರೆ ಉಳಿದದ್ದು ತಾನೇ ಬರುತ್ತದೆ.

ಊರಿಗೆ ಹೋಗಿ ಬಂದೆಯಾ? ದಸರಾ ರಜೆಗೂ ಹಾಸ್ಟೆಲಿನಲ್ಲೇ ಇದ್ದೆ ಎಂದು ಅನುಷಾ ಹೇಳುತ್ತಿದ್ದಳು. ಅವಳು ನಿನ್ನ ಜೂನಿಯರ್ ಆದರೂ ವಾಟ್ಸಾಪಿನಲ್ಲಿ ನನಗೆ ಎಲ್ಲ ವರದಿ ಕೊಡುತ್ತಾಳೆ, ಹುಷಾರು.

ಲೋಹಿತಾ


ಮಧುಗಿರಿ
೪ ಏಪ್ರಿಲ್ ೨೦೨೪
ಇದನ್ನು ಕಳಿಸಲಿಲ್ಲ.

ಲೋಹಿತಕ್ಕ,

ಭಾನುವಾರ ಅನುಷಾ ಜೊತೆ ಕೊರಟಗೆರೆಗೆ, ಅವಳ ಮನೆಗೆ ಹೋಗಿದ್ದೆ. ಅವಳ ಚಿಕ್ಕಮ್ಮ ಗಂಗಲಕ್ಷ್ಮಮ್ಮ ಅಲ್ಲಿನ ಒಂದು ಹಳೆಯ ವಾಚನಾಲಯವನ್ನು ನೋಡಿಕೊಳ್ಳುತ್ತಾರೆ. ಇಂಗ್ಲಿಷ್ ಪುಸ್ತಕಗಳ ಬೀರು ಒಂದಿದೆ ಎಂದಳು. ಬೀಗದ ಕೈ ಹುಡುಕಲು ಅರ್ಧ ಗಂಟೆಯಾಯಿತು. ಮೂರನೇ ಸಾಲಿನಲ್ಲಿ ನಮ್ಮ ಕಾದಂಬರಿ ಇತ್ತು. ಹಸಿರು ರಟ್ಟು, ಇನ್ನೂರ ಇಪ್ಪತ್ತಾರು ಪುಟ, ಒಂದೂ ಕಿತ್ತಿಲ್ಲ.

“ಇಪ್ಪತ್ತು ವರ್ಷದಿಂದ ಯಾರೂ ಮುಟ್ಟಿಲ್ಲ ಕಣಮ್ಮ. ತಗಂಡೋಗು. ವಾಪಸ್ ತತ್ತೀಯ ತಾನೆ?” ಎಂದರು ಗಂಗಲಕ್ಷ್ಮಮ್ಮ. “ತಂದುಕೊಡ್ತೀನಿ” ಎಂದೆ. “ತರ್ದಿದ್ರೆ ಏನ್ ಮಾಡ್ಲಿ, ಬುಡು. ಓದಾರೇ ಇಲ್ಲ, ಕಳ್ರಾದ್ರೂ ಇರ್ಲಿ,” ಎಂದು ನಕ್ಕರು.

ಬಸ್ಸಿನಲ್ಲೇ ೨೧೩ನೇ ಪುಟ ತೆಗೆದೆ.

ಅಕ್ಕ, ಟಿಲ್ಡಾ ಗಾಡಿ ಹತ್ತುವುದಿಲ್ಲ. ಕಾಗದ ಹರಿಯುವುದೂ ಇಲ್ಲ. ಅವಳು ಚೀಲ ಹಿಡಿದು ನಡೆದೇ ಊರಿಗೆ ಹೋಗುತ್ತಾಳೆ. ಬಾ ಎಂದು ಕರೆದ ಅಪ್ಪನಿಗೆ ಕಾಯಿಲೆಯೇನೂ ಇಲ್ಲ. ಅಣ್ಣನ ಮದುವೆಯಾಗಿದೆ, ಮನೆ ಅತ್ತಿಗೆಯ ಕೈಯಲ್ಲಿದೆ. ಏಕೆ ಬಂದೆ, ಎಷ್ಟು ದಿನ ಇರುತ್ತೀ, ಯಾರೂ ಕೇಳುವುದಿಲ್ಲ. ಕೊನೆಯ ಪುಟದಲ್ಲಿ ಅವಳು ಒಲೆಯ ಮುಂದೆ ಕೂತು ಹಿಟ್ಟು ನಾದುತ್ತಿರುತ್ತಾಳೆ. ಉಪ್ಪು ಎಲ್ಲಿದೆ ಎಂದು ಕೇಳುತ್ತಾಳೆ. ಪುಸ್ತಕ ಮುಗಿಯುತ್ತದೆ.

ನನಗೆ ಮೊದಲು ಸಿಟ್ಟು ಬಂದದ್ದು ಬರೆದವರ ಮೇಲೆ. ಇದನ್ನು ಓದಲು ಇಂಗ್ಲಿಷ್ ಕಲಿಯಬೇಕಿತ್ತೇ? ನಮ್ಮ ಬೀದಿಯಲ್ಲಿ ಮನೆಗೊಬ್ಬಳು ಹೀಗೆ ಮರಳಿ ಬಂದು ಒಲೆ ಮುಂದೆ ಕೂತಿದ್ದಾಳೆ. ಆಮೇಲೆ ಸಿಟ್ಟು ನಿಮ್ಮ ಕಡೆ ತಿರುಗಿತು. ಆ ಕುದುರೆಗಾಡಿ ನಿಮಗೆ ಎಲ್ಲಿ ಸಿಕ್ಕಿತು?

ನಿಮಗೆ ಹೇಳಿಲ್ಲದ ಒಂದು ಮಾತಿದೆ. ಕಳೆದ ಅಕ್ಟೋಬರಿನಲ್ಲಿ ಅವ್ವ ಕೆಲಸಕ್ಕೆ ಹೋಗುವಾಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಅಪ್ಪ ಹಾಸ್ಟೆಲಿಗೆ ಫೋನ್ ಮಾಡಿ, “ಒಂದ್ ಕಿತ ಬಂದು ಹೋಗವ್ವ” ಎಂದ. ನಾನು ಹೋಗಲಿಲ್ಲ. ಹೋದರೆ ನಿಲ್ಲಿಸಿಕೊಳ್ಳುತ್ತಾರೆ, ಓದು ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡೆ. ಅವತ್ತು ಸಂಜೆ ಟೆರೇಸಿನ ಮೇಲೆ ಓಡಾಡುತ್ತಾ ನಿಮ್ಮ ಕೊನೆಯ ಪುಟವನ್ನು ನಾಲ್ಕು ಸಲ ಗಟ್ಟಿಯಾಗಿ ಹೇಳಿದೆ. ಟಿಲ್ಡಾ ಹರಿದಳಲ್ಲ, ನಾನೂ ಗಟ್ಟಿಯಾಗಬೇಕು ಎಂದು. ಅದನ್ನು ಧೈರ್ಯ ಎಂದುಕೊಂಡು ಆರು ತಿಂಗಳು ಕಳೆದಿದ್ದೇನೆ.


ಮಧುಗಿರಿ
೫ ಏಪ್ರಿಲ್ ೨೦೨೪

ಪ್ರೀತಿಯ ಲೋಹಿತಕ್ಕನಿಗೆ,

ಒಂದೇ ಒಂದು ಸಂದೇಹ. ಟಿಲ್ಡಾ ಕುದುರೆಗಾಡಿ ಹತ್ತುವುದು ಯಾವ ಪುಟದಲ್ಲಿ ಬರುತ್ತದೆ? ಯಾರಾದರೂ ಪುಟ ಸಂಖ್ಯೆ ಕೇಳಿದರೆ ಹೇಳಬೇಕಲ್ಲ. ಕೊನೆಯ ಭಾಗವನ್ನು ಎಲ್ಲರ ಮುಂದೆ ಹೇಳುವುದು ನನ್ನಿಂದ ಆಗುತ್ತದೋ ಇಲ್ಲವೋ ಎನ್ನಿಸುತ್ತಿದೆ.

ನಿಮ್ಮ
ವನಜಾಕ್ಷಿ


ಶಿರಾ
೧೨ ಏಪ್ರಿಲ್ ೨೦೨೪

ವನಜಾ,

ಸೆಮಿನಾರಿನಲ್ಲಿ ಪುಟ ಸಂಖ್ಯೆ ಕೇಳುವವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ನಿನ್ನದು ಬರೀ ಸ್ಟೇಜ್ ಭಯ. ನನಗೂ ಇತ್ತು. ಮೊದಲ ಸಲ ನಿಂತಾಗ ಮಂಡಿ ನಡುಗುವುದು ಕಾಣದಿರಲೆಂದು ಟೇಬಲ್ಲಿಗೆ ಒತ್ತಿ ನಿಂತಿದ್ದೆ, ಟೇಬಲ್ಲೇ ನಡುಗಿತು. ಹಾಗಾಗಿ ಟೇಬಲ್ ಮುಟ್ಟಬೇಡ. ಕನ್ನಡಿ ಮುಂದೆ ನಿಂತು ಹೇಳಿಕೋ. ಕೊನೆಯ ಸಾಲಿಗೆ ದನಿ ಸ್ವಲ್ಪ ಏರಲಿ, ‘ಶಿ ಡಿಡ್ ನಾಟ್ ಲುಕ್ ಬ್ಯಾಕ್’ ಎನ್ನುವಾಗ ಒಂದು ಕ್ಷಣ ನಿಲ್ಲು. ಆ ಜಾಗಕ್ಕೆ ನನ್ನ ಹುಡುಗರೂ ಎದ್ದು ಕೂರುತ್ತಾರೆ.

ಹಬ್ಬದ ಒಬ್ಬಟ್ಟು ಕದರಪ್ಪನ ಕೈಲಿ ಕಳಿಸಿದ್ದೇನೆ. ಅವರು ಒಂದು ತಿಂದರೆ ಬೈಯಬೇಡ, ಎರಡು ತಿಂದರೆ ನನಗೆ ಹೇಳು.

ಲೋಹಿತಾ


ಶಿರಾ
೨೭ ಏಪ್ರಿಲ್ ೨೦೨೪

ವನಜಾ,

ಅನುಷಾ ಎಲ್ಲ ಹೇಳಿದಳು. ನಿಮ್ಮ ಕ್ಲಾಸಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳಂತೆ. ನೀನು ನಡುಗದೆ, ನೋಟ್ಸ್ ನೋಡದೆ ಏಳು ನಿಮಿಷ ಮಾತಾಡಿದೆಯಂತೆ. ಟಿಲ್ಡಾ ಗೇಟಿನಲ್ಲಿ ನಿಲ್ಲುವವರೆಗೆ ಬಂದು, “ನಮ್ಮ ಲೈಬ್ರರಿಯ ಪುಸ್ತಕ ಇಲ್ಲಿಗೆ ಮುಗಿಯುತ್ತದೆ. ನಾನೂ ಇಲ್ಲಿಗೇ ನಿಲ್ಲಿಸುತ್ತೇನೆ,” ಎಂದು ಕೂತೆಯಂತೆ. ಸರ್, “ಏನಮ್ಮ, ಕನ್‌ಕ್ಲೂಷನ್ನೇ ನಿನ್ನ ಟಾಪಿಕ್ಕು, ಅದನ್ನೇ ನುಂಗಿಬುಟ್ಯಲ್ಲ! ಊಟಕ್ ಕರ್ದು ಎಲೆ ಎತ್ಕಂಡ್ ಹೋದಂಗಾಯ್ತು,” ಎಂದರಂತೆ. ಕ್ಲಾಸೆಲ್ಲ ನಕ್ಕಿತಂತೆ.

ಕೊರಟಗೆರೆಯಲ್ಲಿ ಪುಸ್ತಕ ಸಿಕ್ಕಿದ್ದನ್ನೂ ಅವಳೇ ಹೇಳಿದಳು. ಹಾಗಾದರೆ ಆ ಪುಟ ಸಂಖ್ಯೆಯ ಪ್ರಶ್ನೆ! ನಾನು ನಿನಗೆ ಟೇಬಲ್ ಮುಟ್ಟಬೇಡವೆಂದು ಬರೆದಿದ್ದೆ. ನಾಚಿಕೆಯಾಗುತ್ತಿದೆ.

ಹೌದು ವನಜಾ. ಕೊನೆಯನ್ನು ನಾನು ಓದಿಲ್ಲ. ಇವತ್ತಿಗೂ ಓದಿಲ್ಲ.

ಅದು ಕೊರೊನಾ ವರ್ಷ. ಪುಸ್ತಕ ಎರಡೇ ದಿನದ ಮಟ್ಟಿಗೆ ಸಿಕ್ಕಿತು, ಆಗಲೂ ೨೧೨ಕ್ಕೇ ನಿಂತಿತ್ತು. ಪಾಠ ಆನ್‌ಲೈನು. ಮದಲೂರಿನಲ್ಲಿ ನಮ್ಮ ಮನೆಯೊಳಗೆ ನೆಟ್‌ವರ್ಕ್ ಇಲ್ಲ, ಕೆರೆ ಏರಿಯ ಮೇಲೆ ನಿಂತರೆ ಎರಡು ಕಡ್ಡಿ. ಸರ್ ಕೊನೆಯ ಅಧ್ಯಾಯಕ್ಕೆ ಬಂದು, “ಕನ್‌ಕ್ಲೂಷನ್ ಸುಲಭ, ನೀವೇ ಓದ್ಕಳಿ” ಎಂದರು. ಅವರೂ ಓದಿರಲಿಲ್ಲವೆಂದು ಈಗ ಅನ್ನಿಸುತ್ತದೆ. ಅದೇ ವಾರ ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ಏರಿಯ ಮೇಲೆ ಕೂತು, ಟಿಲ್ಡಾ ಏನು ಮಾಡಬೇಕಿತ್ತೋ ಅದನ್ನು ಬರೆದೆ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಹದಿಮೂರು ಅಂಕ ಬಂತು. ಅಪ್ಪನಿಗೆ ಮಾರ್ಕ್ಸ್ ಕಾರ್ಡ್ ತೋರಿಸಿ ಎಂ.ಎ.ಗೆ ಒಪ್ಪಿಸಿದೆ. ನೋಟ್ಸ್ ನಿನಗೆ ಕೊಡುವಾಗ ಆ ಪುಟ ಹರಿಯೋಣವೆಂದುಕೊಂಡೆ. ಅದೇ ಚೆನ್ನಾಗಿತ್ತು, ಮನಸ್ಸು ಬರಲಿಲ್ಲ.

ಆಮೇಲೆ ಪ್ರತಿ ವರ್ಷ ನಿಮ್ಮ ಕಾಲೇಜಿನ ರಿಸಲ್ಟು ಬಂದಾಗ ಒಂದೊಂದೇ ನಂಬರು ಹುಡುಕಿ ನೋಡುತ್ತಿದ್ದೆ. ನನ್ನ ಸುಳ್ಳು ಬರೆದು ಯಾರಾದರೂ ಫೇಲಾದರೆ ಎಂದು. ಯಾರೂ ಆಗಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ನೀನು ಗೇಟಿನಲ್ಲೇ ನಿಲ್ಲಿಸಿ ನನ್ನ ಮಾನ ಉಳಿಸಿದೆ. ಇದನ್ನು ಮರೆಯುವುದಿಲ್ಲ. ಒಂದೇ ಮಾತು ಕೇಳು. ಪರೀಕ್ಷೆಯಲ್ಲಿ ಗಾಡಿ ಹತ್ತಿಸಿಬಿಡು. ವ್ಯಾಲ್ಯುಯೇಷನ್‌ಗೆ ಹೋಗುವವರಲ್ಲಿ ಸರ್ ಕೂಡ ಒಬ್ಬರು. ಅವರ ತಲೆಯಲ್ಲಿರುವುದು ಆ ಗಾಡಿಯೇ. ಬೇರೆ ಬರೆದರೆ ಪುಸ್ತಕ ಓದದವಳು ಎಂದು ಸೊನ್ನೆ ಸುತ್ತುತ್ತಾರೆ. ಹದಿನೈದು ಅಂಕ ಹೋದರೆ ನಿನ್ನ ಸೀಟು ಹೋಯಿತು. ನನಗೋಸ್ಕರ ಹೇಳುತ್ತಿಲ್ಲ.

ಲೋಹಿತಾ


ವಳ್ಳೂರು
೧೪ ಮೇ ೨೦೨೪

ಪ್ರೀತಿಯ ಲೋಹಿತಕ್ಕನಿಗೆ,

ಊರಿಗೆ ಬಂದಿದ್ದೇನೆ. ಈ ಕಾಗದ ಪಾವಗಡದಿಂದ ಹೊರಡುವ ಕದರಪ್ಪನವರ ಬೆಳಗಿನ ಬಸ್ಸಿಗೆ ಹೋಗುತ್ತದೆ.

ಮೊದಲು ಒಂದನ್ನು ಸರಿಮಾಡಬೇಕು. ನಾನು ನಿಮ್ಮ ಮಾನ ಉಳಿಸಲೆಂದು ಗೇಟಿನಲ್ಲಿ ನಿಲ್ಲಲಿಲ್ಲ. ನನಗೆ ಮುಂದೆ ಏನು ಹೇಳಬೇಕೋ ಗೊತ್ತಿರಲಿಲ್ಲ. ನಿಮ್ಮ ನೋಟ್ಸಿನ ಕೊನೆ ಸುಳ್ಳು, ಪುಸ್ತಕದ ಕೊನೆ ನನಗೆ ಇಷ್ಟವಾಗಿರಲಿಲ್ಲ. ಎರಡನ್ನೂ ಹೇಳಲಾಗದೆ ಕೂತೆ. ಅದರಲ್ಲಿ ನಿಮ್ಮ ಮೇಲಿನ ಪ್ರೀತಿ ಎಷ್ಟು, ನನ್ನ ಪುಕ್ಕಲುತನ ಎಷ್ಟು ಎಂದು ಬಿಡಿಸಿ ಹೇಳಲಾರೆ.

ಇನ್ನೊಂದು, ಹಿಂದೆಯೇ ಬರೆದು ಕಳಿಸದೆ ಇಟ್ಟದ್ದು. ಅಕ್ಟೋಬರಿನಲ್ಲಿ ಅವ್ವ ಕೈ ಮುರಿದುಕೊಂಡಾಗ ಬಾ ಎಂದು ಕರೆದಿದ್ದರು. ಟಿಲ್ಡಾ ಕಾಗದ ಹರಿದಳೆಂದು ನಾನು ಹೋಗಲಿಲ್ಲ.

ಮೊನ್ನೆ ಬಸ್ಸಿಳಿದು ಬಂದಾಗ ಅವ್ವ ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಬಲಗೈ ಮಣಿಕಟ್ಟು ಕೊಂಚ ಸೊಟ್ಟಗೆ ಕೂಡಿಕೊಂಡಿದೆ.

“ಏಮೇ, ಬಂದ್ಬುಟ್ಯಾ? ದಾರಿ ನೆನಪಿತ್ತಾ?”

“ಕ್ಲಾಸ್ ಇತ್ತವ್ವ.”

“ಇರ್ತೈತೆ. ದೊಡ್ಡ ಓದು.” ಕಡಲೆಕಾಯಿ ಬುಟ್ಟಿಯನ್ನು ನನ್ನ ಕಡೆ ನೂಕಿದಳು. ಸ್ವಲ್ಪ ಹೊತ್ತಿಗೆ, “ಕೈ ಮುರ್ದಾಗ ಯಾಕ್ ಬರ್ಲಿಲ್ಲ?” ಎಂದಳು.

“ಬಂದ್ರೆ ಕೆಲ್ಸಕ್ಕೆ ಹಾಕಿ ಇಲ್ಲೇ ಇಟ್ಕಂತೀರ ಅಂತ.”

ಅವ್ವ ಜೋರಾಗಿ ನಕ್ಕಳು. “ನಿನ್ನ ಇಟ್ಕಂಡು ಏನ್ ಮಾಡ್ಲೇ ನಾನು? ಮುದ್ದೆ ಕಟ್ಟಾಕ್ ಬರಲ್ಲ, ಬಿಸ್ಲಿಗೆ ನಿಂತ್ರೆ ತಲೆ ಸುತ್ತುತೈತೆ. ನೀನು ಪ್ಯಾನೆಲ್ ಒರ್ಸಿದ್ರೆ ಬೆಂಗ್ಳೂರಿಗೇ ಕರೆಂಟ್ ನಿಂತೋಗ್ತೈತೆ.” ಆಮೇಲೆ ನಗು ನಿಲ್ಲಿಸಿ, “ತಲೆ ಬಾಚ್ಕಳ್ಳಾಕ್ ಆಗ್ತಿರ್ಲಿಲ್ಲ ಕಣೆ. ದಿನಾ ಪಕ್ಕದ ಮನೆಯವ್ರ ಬಾಗ್ಲಿಗೆ ಹೋಗಿ ಕೂರ್ತಿದ್ದೆ. ಮಗ್ಳು ಬಂದು ಎರಡು ದಿನ ಬಾಚ್ತಾಳೆ ಅಂದ್ಕಂಡಿದ್ದೆ. ಅಷ್ಟೆಯ,” ಎಂದಳು.

ಅಕ್ಕ, ಇದನ್ನು ನಿಮ್ಮ ಮೇಲೆ ಹಾಕುತ್ತಿಲ್ಲ. ಓದಿದ್ದು ನಾನು, ಹೋಗದಿದ್ದದ್ದೂ ನಾನು. ಆದರೆ ನೀವು ಏರಿಯ ಮೇಲೆ ಕೂತು ಬರೆದ ಒಂದು ಪುಟ ವಳ್ಳೂರಿನವರೆಗೆ ಬಂದಿತ್ತೆಂದು ನಿಮಗೆ ತಿಳಿಯಲಿ.

ಇಲ್ಲಿ ಪುಸ್ತಕವನ್ನು ಮೊದಲಿನಿಂದ ಮತ್ತೆ ಓದಿದೆ. ನೀವು ಓದದ ಆ ಕೊನೆಯಲ್ಲಿ ಟಿಲ್ಡಾ ಊರಿಗೆ ನಡೆದು ಹೋಗಿ, ಅತ್ತಿಗೆಯ ಮನೆಯ ಒಲೆ ಮುಂದೆ ಹಿಟ್ಟು ನಾದುತ್ತಾ ಉಪ್ಪು ಎಲ್ಲಿದೆ ಎಂದು ಕೇಳುತ್ತಾಳೆ. ಈ ಸಲ ಸಿಟ್ಟು ಬರಲಿಲ್ಲ. ಕೊನೆಯ ಸಾಲಿನಲ್ಲಿ ಏನೋ ಕೈಗೆ ಸಿಕ್ಕಿಯೂ ಸಿಗದ ಹಾಗಿತ್ತು. ಅನುಮಾನ ಬಂದು ಪೆನ್ಸಿಲ್ ಹಿಡಿದು ಪುಟ ಪುಟವೂ ನೋಡಿದೆ. ಇನ್ನೂರ ಇಪ್ಪತ್ತೈದು ಪುಟದಲ್ಲಿ ಟಿಲ್ಡಾ ಯಾರನ್ನೂ ಏನನ್ನೂ ಕೇಳುವುದಿಲ್ಲ! ಸಂಬಳ ಕೇಳುವುದಿಲ್ಲ, ಪುಸ್ತಕ ಕೇಳದೆ ಕದ್ದು ಓದುತ್ತಾಳೆ, ಅಪ್ಪನನ್ನು ಏಕೆ ಕರೆದೆ ಎಂದೂ ಕೇಳುವುದಿಲ್ಲ. ಅವಳು ಬಾಯಿಬಿಟ್ಟು ಕೇಳುವ ಮೊದಲ ಪ್ರಶ್ನೆ ಉಪ್ಪಿನದು. ಅವಳು ಗೆದ್ದಳು ಎಂದು ನಾನು ಹೇಳುವುದಿಲ್ಲ. ಸೋತಳು ಎಂದೂ ಅನ್ನಿಸುತ್ತಿಲ್ಲ. ಮಾತು ಈಗ ಶುರುವಾಯಿತು ಎನ್ನುವ ಜಾಗಕ್ಕೆ ಪುಸ್ತಕ ಮುಗಿದಿದೆ.

ಇದಕ್ಕೆ ಯಾರೂ ನನಗೆ ನೋಟ್ಸ್ ಕೊಟ್ಟಿರಲಿಲ್ಲ. ನಾನೇ ಕಂಡದ್ದು. ಅವ್ವನಿಗೆ ಹೇಳಿದೆ, ಬೇರೆ ಯಾರಿದ್ದಾರೆ. “ಪಾಪ, ಅತ್ತಿಗೆ ಉಪ್ಪು ಕೊಟ್ಟಳಾ?” ಎಂದು ಕೇಳಿದಳು. ಅದು ಪುಸ್ತಕದಲ್ಲಿಲ್ಲ ಎಂದೆ. “ಅಂಗಾದ್ರೆ ಅದೇನ್ ಕಥೆ,” ಎಂದು ಎದ್ದು ಹೋದಳು.

ಗಾಡಿ ಹತ್ತಿಸು ಎಂದಿರಿ. ಇನ್ನೂ ತೀರ್ಮಾನ ಮಾಡಿಲ್ಲ. ನನಗೂ ಸೀಟು ಬೇಕು.

ನಿಮ್ಮ
ವನಜಾಕ್ಷಿ


ಶಿರಾ
೨೮ ಜೂನ್ ೨೦೨೪

ವನಜಾ,

ಒಂದೂವರೆ ತಿಂಗಳು ಬರೆಯಲಿಲ್ಲ. ನಿನ್ನ ಕಾಗದ ಬ್ಯಾಗಿನಲ್ಲೇ ಇದೆ. ಅವ್ವನ ತಲೆ ಬಾಚುವ ಮಾತಿಗೆ ಬಂದು ಪ್ರತಿ ಸಲ ಮಡಚಿ ಇಡುತ್ತಿದ್ದೆ.

ನನ್ನ ಆರ್ಡರ್ ಹೊಸದಾಯಿತು. ನೆಮ್ಮದಿಯಾಗಬೇಕಿತ್ತು. ನನ್ನ ಹುಡುಗರಿಗೆ ನಿಜ ಹೇಳಬೇಕೆಂದು ಎರಡು ಸಲ ಬೋರ್ಡಿನ ಮುಂದೆ ನಿಂತೆ. ಒಮ್ಮೆ ಬೆಲ್ ಹೊಡೆಯಿತು. ಇನ್ನೊಮ್ಮೆ ಬೆಲ್ ಹೊಡೆಯಲಿಲ್ಲ, ಆದರೂ ಹೇಳಲಿಲ್ಲ. ಮೇಡಂ ಓದದೆ ಪಾಠ ಮಾಡಿದರು ಎಂಬ ಮಾತು ಶಿರಾ ಪೇಟೆಯಲ್ಲಿ ಒಂದು ದಿನಕ್ಕೆ ಹರಡುತ್ತದೆ. ನಾನು ನಿನ್ನಷ್ಟು ಗಟ್ಟಿಯಿಲ್ಲ, ನೀನು ಏನೇ ಅಂದುಕೋ.

ಆದರೆ ಪರೀಕ್ಷೆಯ ವಿಷಯದಲ್ಲಿ ಈಗಲೂ ಅದೇ ಮಾತು. ಉಪ್ಪಿನ ಸಂಗತಿಯನ್ನು ಮತ್ತೆ ಮತ್ತೆ ಓದಿದೆ. ಆರು ವರ್ಷ ಇಂಗ್ಲಿಷ್ ಓದಿ ಪಾಠ ಮಾಡಿದ ನನಗೆ ಅಂಥದ್ದೊಂದು ಕಂಡಿಲ್ಲ. ಅದಕ್ಕೇ ಹೇಳುತ್ತೇನೆ, ಅದನ್ನು ಈ ಪರೀಕ್ಷೆಗೆ ಸುರಿಯಬೇಡ. ಒಂದು ಉತ್ತರಕ್ಕೆ ಎರಡು ನಿಮಿಷ ಕೊಡುವವರ ಕೈಗೆ ಅದು ಹೋಗುತ್ತದೆ. ಎಂ.ಎ.ಗೆ ಹೋಗು, ಅಲ್ಲಿ ಬರಿ. ಅಲ್ಲಿ ಓದುವವರು ಸಿಗುತ್ತಾರೆ. ಒಂದು ಸುಳ್ಳು ಸಾಲು ಬರೆದು ಎರಡು ವರ್ಷ ನಿಜ ಓದುವುದು ಕೆಟ್ಟ ವ್ಯಾಪಾರವೇನಲ್ಲ.

ಇದರಲ್ಲಿ ನನ್ನ ಸ್ವಾರ್ಥವೂ ಇದೆ. ಹೋದ ಸಲ ಇಲ್ಲ ಎಂದು ಬರೆದಿದ್ದೆ. ಇದೆ.

ಲೋಹಿತಾ


ಮಧುಗಿರಿ
೨೨ ಜುಲೈ ೨೦೨೪

ಪ್ರೀತಿಯ ಲೋಹಿತಕ್ಕನಿಗೆ,

ನಾಳೆ ಬೆಳಿಗ್ಗೆ ಹತ್ತಕ್ಕೆ ಆ ಪೇಪರು. ಈಗ ಹುಡುಗಿಯರೆಲ್ಲ ಟೆರೇಸಿನ ಮೇಲೆ ಓಡಾಡುತ್ತಾ ನಿಮ್ಮ ಕೊನೆಯ ಪುಟ ಉರು ಹೊಡೆಯುತ್ತಿದ್ದಾರೆ. ಹನ್ನೊಂದು ಜನ ಒಟ್ಟಿಗೆ ‘ಶಿ ಡಿಡ್ ನಾಟ್ ಲುಕ್ ಬ್ಯಾಕ್’ ಎನ್ನುವುದು ಕೆಳಗಿನ ಬೀದಿಗೂ ಕೇಳುತ್ತದೆ. ಕೇಳಲು ಈಗಲೂ ಚೆನ್ನಾಗಿದೆ, ಸುಳ್ಳು ಹೇಳಲಾರೆ. ಆ ಸಾಲು ಇಲ್ಲದಿದ್ದರೆ ಮೊದಲ ವರ್ಷವೇ ನಾನು ಕಾಲೇಜು ಬಿಡುತ್ತಿದ್ದೆ ಎಂಬುದೂ ನಿಜ.

ನೀವು ಹೇಳಿದ್ದನ್ನು ಬಹಳ ದಿನ ಯೋಚಿಸಿದೆ. ಎಂ.ಎ.ಗೆ ಹೋಗಿ ಅಲ್ಲಿ ನಿಜ ಬರೆಯುವುದು ಸರಿಯಾದ ಲೆಕ್ಕವೇ. ಆದರೆ ಅಲ್ಲಿಗೆ ಹೋದ ಮೇಲೆ ಅಲ್ಲಿಯ ಸರ್ ಯಾರ ನೋಟ್ಸ್ ಓದಿರುತ್ತಾರೋ ಎಂದು ನೋಡಿಕೊಂಡು ಬರೆಯುವ ಅಭ್ಯಾಸ ನನಗೆ ಆಗಿಬಿಟ್ಟರೆ? ನಿಮ್ಮನ್ನು ಚುಚ್ಚಲು ಬರೆಯುತ್ತಿಲ್ಲ. ನನ್ನನ್ನು ನಾನು ಬಲ್ಲೆ. ಒಮ್ಮೆ ಹೆದರಿ ಕೂತರೆ ಮತ್ತೆ ಏಳಲು ಎಷ್ಟು ದಿನ ಬೇಕೆಂದೂ ಗೊತ್ತು.

ನಿಮ್ಮ ಹೆಸರು ನನ್ನ ಬಾಯಿಂದ ಬರುವುದಿಲ್ಲ. ಜೂನಿಯರ್‌ಗಳಿಗೆ ಹೇಳುವುದು ನಿಮಗೆ ಬಿಟ್ಟದ್ದು. ಯಾರಾದರೂ ನನ್ನನ್ನೇ ನೇರ ಕೇಳಿದರೆ ಮಾತ್ರ ಇಲ್ಲವೆನ್ನುವುದಿಲ್ಲ.

ಹನ್ನೊಂದು ಜನ ಗಾಡಿ ಹತ್ತಿಸುವ ಕಡೆ ನಾನೊಬ್ಬಳು ಊರಿಗೆ ನಡೆಸಿದರೆ, ತಪ್ಪು ನನ್ನದೇ ಎಂದು ಕಾಣುತ್ತದೆ. ಅಂಕ ಹೋಗಬಹುದು. ಅವ್ವನಿಗೆ ನಿನ್ನೆ ಫೋನ್ ಮಾಡಿ, ‘ಹೂಂ’ ಅಲ್ಲದೆ ನಾಲ್ಕು ಮಾತು ಆಡಿದೆ. ಸೀಟು ಸಿಗದಿದ್ದರೆ ಒಂದು ವರ್ಷ ಪ್ಯಾನೆಲ್ ತೊಳೆಯುವ ಅವಳ ಗುಂಪಿಗೆ ಸೇರುತ್ತೇನೆ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತೇನೆ ಎಂದೆ. “ಟೋಪಿ ತಗ, ಬಿಸ್ಲು ಬಾಳ ಐತೆ,” ಎಂದಳು. ಬೇರೇನೂ ಕೇಳಲಿಲ್ಲ.

ನಾಳೆ ನಾನು ಓದಿದ್ದನ್ನು ಬರೆಯುತ್ತೇನೆ. ನನ್ನದೇ ಇಂಗ್ಲಿಷಿನಲ್ಲಿ, ಸಣ್ಣ ಸಣ್ಣ ವಾಕ್ಯಗಳಲ್ಲಿ, ಪುಟ ಸಂಖ್ಯೆಯ ಸಮೇತ.

ನಿಮ್ಮ
ವನಜಾಕ್ಷಿ